ಬಾಡಿಗೆದಾರ ಸೈನಿಕ, ಮನೆಯೊಡೆಯ ಕನ್ನಡಿಗ

ಲಾ ಹೋಯಾದ ವಿಶ್ವವಿದ್ಯಾಲಯದ ಆವರಣದಲ್ಲಿ ಓಡಾಡುವ ನಮ್ಮ ಮಕ್ಕಳಿಗೆ, ಅವರ ಕಾಲಡಿಯ ನೆಲ ಒಂದು ಕಾಲಕ್ಕೆ ಬಂದೂಕಿನ ಗುರಿ ಅಭ್ಯಾಸದ ಬಯಲಾಗಿತ್ತು ಎಂದರೆ ನಂಬುವುದು ಕಷ್ಟ. 1917ರಿಂದ ಅಲ್ಲಿ ಮೆರೀನ್ ಪಡೆಯವರ ರೈಫಲ್ ರೇಂಜ್ ಇತ್ತು. ಮುಂದೆ ಅದಕ್ಕೆ ಕ್ಯಾಂಪ್ ಮ್ಯಾಥ್ಯೂಸ್ ಎಂದು ಹೆಸರಾಯಿತು. ಲಕ್ಷಾಂತರ ಸೈನಿಕರು ಗುಂಡು ಹಾರಿಸಲು ಕಲಿತ ಆ ಜಾಗ 1964ರಲ್ಲಿ ವಿಶ್ವವಿದ್ಯಾಲಯದ ಕೈಸೇರಿತು. ಅಲ್ಲಿಂದ ಸ್ವಲ್ಪ ಉತ್ತರಕ್ಕೆ, ಈಗ ಟೋರಿ ಪೈನ್ಸ್ ಗಾಲ್ಫ್ ಮೈದಾನವಿರುವಲ್ಲಿ, ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಭೂಸೇನೆಯ ಕ್ಯಾಂಪ್ ಕ್ಯಾಲನ್ ಇತ್ತು. ಇವೆರಡೂ ಹೋದವು, ಆದರೆ ಸೈನ್ಯ ಊರು ಬಿಟ್ಟು ಹೋಗಲಿಲ್ಲ. ಮಿರಮಾರ್‌ನ ವಿಮಾನಗಳ ಸದ್ದು ನಮ್ಮ ಪೂಜೆಯ ನಡುವೆಯೂ ಕೇಳಿಸುತ್ತದೆ. ಕೊರೊನಾಡೊ ಸೇತುವೆಯಿಂದ ನೋಡಿದರೆ ಬೂದು ಬಣ್ಣದ ಹಡಗುಗಳ ಸಾಲು. ದಿನಸಿಗೆಂದು ಆರ್ಟೀಷಿಯಾಕ್ಕೆ ಹೊರಟರೆ, ದಾರಿಯಲ್ಲಿ ಮನೆಮಠವಿಲ್ಲದ ಉದ್ದನೆಯ ಗುಡ್ಡಗಾಡು ಸಿಗುತ್ತದಲ್ಲ, ಅದು ಕ್ಯಾಂಪ್ ಪೆಂಡಲ್ಟನ್. ಅದಿಲ್ಲದಿದ್ದರೆ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯೇಗೊ ಎಂದೋ ಒಂದಕ್ಕೊಂದು ಅಂಟಿಕೊಂಡುಬಿಡುತ್ತಿದ್ದವು.

ಈ ಊರಿನಲ್ಲಿ ಸೇವೆಯಲ್ಲಿರುವ ಸೈನಿಕರ ಸಂಖ್ಯೆ ಲಕ್ಷಕ್ಕೂ ಹೆಚ್ಚು. ಅವರೆಲ್ಲ ಬ್ಯಾರಕ್‌ಗಳಲ್ಲಿ ಇರುವುದಿಲ್ಲ. ಬಹಳ ಮಂದಿ ನಮ್ಮ ನಿಮ್ಮಂತೆ ಬಾಡಿಗೆ ಮನೆ ಹುಡುಕಿಕೊಂಡು ಸಂಸಾರ ಮಾಡುವವರು. ಅವರಿಗೆ ಮನೆ ಕೊಡುವವರಲ್ಲಿ ನಮ್ಮವರೂ ಇದ್ದಾರೆ. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಮಿರಾ ಮೆಸಾದಲ್ಲೋ ಯೂನಿವರ್ಸಿಟಿ ಸಿಟಿಯಲ್ಲೋ ಒಂದು ಕಾಂಡೊ ಕೊಂಡು, ಮಕ್ಕಳ ಶಾಲೆಗಾಗಿ ಬೇರೆ ಕಡೆ ದೊಡ್ಡ ಮನೆಗೆ ಹೋಗಿ, ಹಳೆಯದನ್ನು ಮಾರದೆ ಬಾಡಿಗೆಗೆ ಬಿಟ್ಟ ಕುಟುಂಬಗಳು ನಮ್ಮ ಕೂಟದಲ್ಲಿ ಕಡಿಮೆಯಿಲ್ಲ. ಇಂಥವರ ಮನೆಯಲ್ಲಿದ್ದ ನೌಕಾಪಡೆಯ ಹುಡುಗ ಒಂದು ದಿನ ವರ್ಗಾವಣೆ ಆದೇಶದ ಪ್ರತಿ ಹಿಡಿದು ಬರುತ್ತಾನೆ. ಒಂದು ವರ್ಷದ ಕರಾರಿನಲ್ಲಿ ಇನ್ನೂ ಏಳು ತಿಂಗಳು ಉಳಿದಿರುತ್ತದೆ. ಆಗ ಕೂಟದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರಶ್ನೆ ಏಳುತ್ತದೆ: ಹೀಗೆ ಬಿಟ್ಟು ಹೋಗಬಹುದೆ? ಉಳಿದ ತಿಂಗಳ ಬಾಡಿಗೆ ಯಾರು ಕೊಡಬೇಕು? ಡೆಪಾಸಿಟ್ ಹಿಡಿದಿಟ್ಟುಕೊಳ್ಳಬಹುದೆ? ಉತ್ತರವಾಗಿ ಬರುವ ಸಲಹೆಗಳಲ್ಲಿ ಕೆಲವು ಕಾನೂನಿಗೆ ವಿರುದ್ಧವಾದವು. ಒಂದಂತೂ ಜೈಲಿನವರೆಗೂ ಒಯ್ಯಬಲ್ಲದು. ನಾನು ವೃತ್ತಿಯಿಂದ ವಕೀಲಳಲ್ಲ. ಆದರೆ ಈ ಪ್ರಶ್ನೆ ವರ್ಷಕ್ಕೊಮ್ಮೆಯಾದರೂ ಬರುವುದನ್ನು ನೋಡಿ, ಕಾಯ್ದೆಯ ಮೂಲ ಪಾಠವನ್ನೇ ಓದಿಕೊಂಡು, ಅದರ ಹಿಂದಿನ ಯೋಚನೆ ಏನೆಂದು ತಿಳಿಯಲು ಮಾಡಿದ ಪ್ರಯತ್ನ ಈ ಲೇಖನ.

ಸೈನಿಕ ಬಿಟ್ಟುಕೊಡುವುದೇನು?

ಯಾವುದೇ ಉದ್ಯೋಗಿ ಕೆಲಸ ಬೇಡವೆನಿಸಿದರೆ ರಾಜೀನಾಮೆ ಕೊಟ್ಟು ಹೊರಗೆ ಬರಬಹುದು. ಸೈನಿಕ ಹಾಗೆ ಬರುವಂತಿಲ್ಲ. ಹೇಳಿದ ದಿನ ಹೇಳಿದ ಜಾಗದಲ್ಲಿ ಇಲ್ಲದಿದ್ದರೆ ಅದು ಅಪರಾಧ. ಅಮೆರಿಕದಲ್ಲಿ ಇದನ್ನು ನಿರ್ಧರಿಸುವ ಸಂಹಿತೆಯ ಹೆಸರು ಯೂನಿಫಾರ್ಮ್ ಕೋಡ್ ಆಫ್ ಮಿಲಿಟರಿ ಜಸ್ಟಿಸ್. 1950ರ ಮೇ ತಿಂಗಳಲ್ಲಿ ಅದಕ್ಕೆ ಸಹಿಯಾಯಿತು, ಮರುವರ್ಷ ಜಾರಿಗೆ ಬಂತು. ಭಾರತದ ಸೇನಾ ಕಾಯ್ದೆ ರೂಪುಗೊಂಡದ್ದೂ ಅದೇ 1950ರ ಮೇ ತಿಂಗಳಲ್ಲಿ ಎಂಬುದು ಕುತೂಹಲದ ಸಂಗತಿ. ನಮ್ಮ ಸಂವಿಧಾನದ 33ನೆಯ ವಿಧಿ ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ನೇರವಾಗಿಯೇ ಕೊಟ್ಟಿದೆ. ಇಲ್ಲಿ ಅಷ್ಟು ನೇರವಾದ ವಿಧಿ ಇಲ್ಲದಿದ್ದರೂ ಪರಿಣಾಮ ಬಹುಮಟ್ಟಿಗೆ ಒಂದೇ. ಅದೇ 1950ರ ಕೊನೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಫೆರೆಸ್ ಪ್ರಕರಣದಲ್ಲಿ ಇನ್ನೊಂದು ಬಾಗಿಲನ್ನೂ ಮುಚ್ಚಿತು. ಸೇವೆಗೆ ಸಂಬಂಧಪಟ್ಟಂತೆ ಆದ ಗಾಯಕ್ಕೋ ಸಾವಿಗೋ ಸೈನಿಕ ಸರ್ಕಾರದ ಮೇಲೆ ಪರಿಹಾರದ ದಾವೆ ಹೂಡುವಂತಿಲ್ಲ ಎಂಬುದು ಆ ತೀರ್ಪು. ಸೇನಾ ಆಸ್ಪತ್ರೆಯ ವೈದ್ಯಕೀಯ ಲೋಪಕ್ಕೆ ಇಲಾಖೆಯೊಳಗೇ ಪರಿಹಾರ ಕೇಳುವ ಅವಕಾಶ ಬಂದದ್ದು 2019ರ ಕೊನೆಯಲ್ಲಿ, ಅದೂ ನ್ಯಾಯಾಲಯದ ಹೊರಗೆ.

ಹೀಗೆ ಒಂದು ಕೈಯಲ್ಲಿ ಕಿತ್ತುಕೊಂಡ ಕಾನೂನು ಇನ್ನೊಂದು ಕೈಯಲ್ಲಿ ಕೊಡುವುದು ಏನನ್ನು? ನಮಗೆ ಸಂಬಂಧಿಸಿದ್ದು ಇಲ್ಲಿಂದ ಮುಂದೆ. ಅದು ಕೊಡುವುದರಲ್ಲಿ ಬಹುಪಾಲು ಸರ್ಕಾರದ ಬೊಕ್ಕಸದಿಂದ ಬರುವುದಿಲ್ಲ. ಸೈನಿಕನೊಂದಿಗೆ ವ್ಯವಹಾರ ಇಟ್ಟುಕೊಂಡ ಮನೆ ಮಾಲೀಕ, ಬ್ಯಾಂಕು, ಉದ್ಯೋಗದಾತ ಇವರ ಜೇಬಿನಿಂದ ಬರುತ್ತದೆ.

ಇದರ ಬೇರು ಅಂತರ್ಯುದ್ಧದ ಕಾಲದ್ದು. 1864ರಲ್ಲಿ ಕಾಂಗ್ರೆಸ್ಸು, ಯುದ್ಧದ ಕಾರಣದಿಂದ ದಾವೆ ಮುಂದುವರಿಸಲಾಗದ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಬಿಡಬೇಕೆಂಬ ಕಾಯ್ದೆ ಮಾಡಿತು. ಕೆಲವು ರಾಜ್ಯಗಳು ಇನ್ನೂ ಮುಂದೆ ಹೋಗಿ, ಸೈನಿಕರ ಮೇಲೆ ಯಾರೂ ಯಾವ ದಾವೆಯನ್ನೂ ಹೂಡಬಾರದು ಎಂದುಬಿಟ್ಟವು. ಕೇಳಲು ಉದಾರವಾದರೂ, ಹಾಗೆ ಮಾಡಿದಾಗ ಸೈನಿಕನಿಗೆ ಸಾಲ ಕೊಡುವವರೇ ಇಲ್ಲವಾಗುತ್ತಾರೆ. 1918ರಲ್ಲಿ ಮೊದಲನೆಯ ಮಹಾಯುದ್ಧಕ್ಕಾಗಿ ಹೊಸ ಕಾಯ್ದೆಯ ಕರಡು ಸಿದ್ಧಪಡಿಸಿದವರು ಜಾನ್ ಹೆನ್ರಿ ವಿಗ್ಮೋರ್. ಸಾಕ್ಷ್ಯ ಕಾನೂನಿನ ಮೇಲೆ ಬರೆದ ಬೃಹತ್ ಗ್ರಂಥದಿಂದ ವಕೀಲರಿಗೆಲ್ಲ ಪರಿಚಿತರಾದ ಪ್ರಾಧ್ಯಾಪಕರು. ಅವರು ಹಿಡಿದ ದಾರಿ ಬೇರೆ. ಸಾಲ ಮನ್ನಾ ಬೇಡ, ದಾವೆಗೆ ಪೂರ್ತಿ ತಡೆಯೂ ಬೇಡ. ಸೇವೆಯ ಕಾರಣದಿಂದಲೇ ಈ ಮನುಷ್ಯನಿಗೆ ತೊಂದರೆಯಾಗಿದೆಯೆ ಎಂದು ನ್ಯಾಯಾಧೀಶರು ಒಂದೊಂದು ಪ್ರಕರಣದಲ್ಲೂ ನೋಡಲಿ ಎಂಬುದು ಅವರ ನಿಲುವು. 1940ರಲ್ಲಿ ಅದೇ ಕಾಯ್ದೆಗೆ ಮರುಜೀವ ಬಂತು. ಇರಾಕ್ ಯುದ್ಧದ ವರ್ಷವಾದ 2003ರ ಡಿಸೆಂಬರಿನಲ್ಲಿ ಅದನ್ನು ಪೂರ್ತಿಯಾಗಿ ಹೊಸದಾಗಿ ಬರೆದು ಸರ್ವಿಸ್‌ಮೆಂಬರ್ಸ್ ಸಿವಿಲ್ ರಿಲೀಫ್ ಆಕ್ಟ್ ಎಂದು ಹೆಸರಿಟ್ಟರು. ಎಲ್ಲರೂ ಅದನ್ನು ಎಸ್‌ಸಿಆರ್‌ಎ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ಕರಾರು ಮುರಿಯುವ ಹಕ್ಕು

1940ರ ಕಾಯ್ದೆಯಲ್ಲಿ, ಸೈನ್ಯ ಸೇರುವ ಮೊದಲು ಮಾಡಿಕೊಂಡ ಬಾಡಿಗೆ ಕರಾರನ್ನು ಮಾತ್ರ ರದ್ದು ಮಾಡಬಹುದಿತ್ತು. ಸೈನ್ಯದಲ್ಲಿದ್ದುಕೊಂಡೇ ಮನೆ ಹಿಡಿದವನಿಗೆ ವರ್ಗವಾದರೆ ಅವನು ಮಾಲೀಕರ ದಯೆಯನ್ನೇ ನಂಬಬೇಕಿತ್ತು. 2003ರ ಕಾಯ್ದೆ ಇದನ್ನು ಬದಲಿಸಿತು. ಈಗ ಕಾಯಂ ವರ್ಗಾವಣೆಯ ಆದೇಶ ಬಂದರೆ, ಅಥವಾ 90 ದಿನಗಳಿಗೆ ಕಡಿಮೆಯಿಲ್ಲದ ಅವಧಿಗೆ ಹಡಗಿನಲ್ಲೋ ಹೊರದೇಶಕ್ಕೋ ಕಳುಹಿಸುವ ಆದೇಶ ಬಂದರೆ, ಕರಾರಿನಲ್ಲಿ ಎಷ್ಟೇ ತಿಂಗಳು ಉಳಿದಿದ್ದರೂ ಸೈನಿಕ ಅದನ್ನು ಕೊನೆಗೊಳಿಸಬಹುದು. ಕರಾರಿನ ಪತ್ರದಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲದಿದ್ದರೂ ಈ ಹಕ್ಕು ಇದ್ದೇ ಇರುತ್ತದೆ.

ಇಲ್ಲಿಯ ಲೀಸ್ ಎಂದರೆ ತಿಂಗಳ ಬಾಡಿಗೆಯ ಕರಾರು. ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಇಡುಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವ ‘ಲೀಸ್’ ಜೊತೆ ಇದನ್ನು ಬೆರೆಸಬಾರದು. ಊರಿನಿಂದ ಬಂದ ಹಿರಿಯರಿಗೆ ವಿವರಿಸುವಾಗ ಈ ಗೊಂದಲ ಆಗಾಗ ಆಗುವುದರಿಂದ ಹೇಳಿದೆ.

ಸೈನಿಕ ಲಿಖಿತ ನೋಟಿಸು ಕೊಟ್ಟು, ಅದರೊಂದಿಗೆ ಆದೇಶದ ಪ್ರತಿ ಲಗತ್ತಿಸಬೇಕು. ಆದೇಶವೇ ಕೈಗೆ ಬಂದಿರದಿದ್ದರೆ ಅವನ ಮೇಲಧಿಕಾರಿ ಬರೆದ ಪತ್ರವೂ ನಡೆಯುತ್ತದೆ. ತಿಂಗಳ ಬಾಡಿಗೆಯ ಕರಾರಾದರೆ, ನೋಟಿಸು ತಲಪಿದ ನಂತರ ಬರುವ ಮುಂದಿನ ಬಾಡಿಗೆಯ ದಿನದಿಂದ 30 ದಿನಕ್ಕೆ ಕರಾರು ಮುಗಿಯುತ್ತದೆ. ಉದಾಹರಣೆಗೆ ಪ್ರತಿ ತಿಂಗಳ 1ನೆಯ ತಾರೀಖು ಬಾಡಿಗೆ ಕೊಡುವ ಮನೆಯಲ್ಲಿ ಮಾರ್ಚ್ 12ಕ್ಕೆ ನೋಟಿಸು ಕೊಟ್ಟರು ಎನ್ನಿ. ಮುಂದಿನ ಬಾಡಿಗೆಯ ದಿನ ಏಪ್ರಿಲ್ 1. ಕರಾರು ಮುಗಿಯುವುದು ಏಪ್ರಿಲ್ ಕೊನೆಗೆ. ಏಪ್ರಿಲ್ ತಿಂಗಳ ಬಾಡಿಗೆ ಮಾಲೀಕರಿಗೆ ಸಲ್ಲುತ್ತದೆ, ಮೇ ತಿಂಗಳದ್ದು ಸಲ್ಲುವುದಿಲ್ಲ. ಮುಂಗಡವಾಗಿ ಪಡೆದಿದ್ದ ಬಾಡಿಗೆ ಇದ್ದರೆ ಕರಾರು ಮುಗಿದ 30 ದಿನಗಳೊಳಗೆ ಹಿಂದಿರುಗಿಸಬೇಕು. ಬೇಗ ಬಿಟ್ಟುದಕ್ಕೆ ದಂಡ ಹಾಕುವಂತಿಲ್ಲ. ‘ವರ್ಷಪೂರ್ತಿ ಇರುತ್ತೀರೆಂದು ಮೊದಲ ತಿಂಗಳ ಬಾಡಿಗೆಯಲ್ಲಿ ರಿಯಾಯಿತಿ ಕೊಟ್ಟಿದ್ದೆ, ಅದನ್ನು ವಾಪಸು ಕೊಡಿ’ ಎಂದು ಕೇಳುವುದೂ ದಂಡವೇ ಎಂಬುದು ಫೆಡರಲ್ ನ್ಯಾಯಾಂಗ ಇಲಾಖೆಯ ನಿಲುವು. ಮನೆಗೆ ಸಹಜ ಬಳಕೆಯನ್ನು ಮೀರಿದ ಹಾನಿಯಾಗಿದ್ದರೆ ಅದರ ಖರ್ಚನ್ನು ಮಾತ್ರ ವಸೂಲು ಮಾಡಬಹುದು.

ಸೈನಿಕನ ಹೆಂಡತಿ ಅಥವಾ ಗಂಡನ ಹೆಸರೂ ಕರಾರಿನಲ್ಲಿದ್ದರೆ ಅವರ ಹೊಣೆಯೂ ಜೊತೆಯಲ್ಲೇ ಮುಗಿಯುತ್ತದೆ. ಆದರೆ ಅದೇ ಮನೆಯನ್ನು ಹಂಚಿಕೊಂಡಿದ್ದ, ಅವಲಂಬಿತನಲ್ಲದ ರೂಮ್‌ಮೇಟ್‌ಗೆ ಈ ಬಿಡುಗಡೆ ಇಲ್ಲ. ಸೈನಿಕ ಸೇವೆಯಲ್ಲಿರುವಾಗ ಮೃತನಾದರೆ, ಸಂಗಾತಿ ಒಂದು ವರ್ಷದೊಳಗೆ ಕರಾರು ಕೊನೆಗೊಳಿಸಬಹುದು. ಬಾಡಿಗೆ ಹೊರೆಯಾಯಿತೆಂದು ನೆಲೆಯೊಳಗಿನ ಸರ್ಕಾರಿ ವಸತಿಗೆ ಹೋಗುತ್ತೇನೆಂದರೆ ಈ ಕಾಯ್ದೆ ಸಾಮಾನ್ಯವಾಗಿ ನೆರವಿಗೆ ಬರುವುದಿಲ್ಲ. ಅದಕ್ಕೆ ಕರಾರಿನಲ್ಲೇ ಪ್ರತ್ಯೇಕ ಷರತ್ತು ಬರೆಸಿಕೊಂಡಿರಬೇಕು.

ಇನ್ನು ಜೈಲಿನ ಮಾತು. ಕರಾರು ಹೀಗೆ ನ್ಯಾಯವಾಗಿ ಮುಗಿದ ಮೇಲೆ ಉಳಿದ ತಿಂಗಳ ಬಾಡಿಗೆ ಬರಬೇಕೆಂದು ಗೊತ್ತಿದ್ದೂ ಡೆಪಾಸಿಟ್ಟನ್ನೋ ಸಾಮಾನನ್ನೋ ಹಿಡಿದಿಟ್ಟುಕೊಂಡರೆ ಅದು ಕ್ರಿಮಿನಲ್ ಅಪರಾಧ. ದಂಡ, ಅಥವಾ ಒಂದು ವರ್ಷದವರೆಗಿನ ಸಜೆ, ಅಥವಾ ಎರಡೂ. ‘ಡೆಪಾಸಿಟ್ ಕೊಡಬೇಡಿ, ಅವನು ಜಪಾನಿಗೆ ಹೋದ ಮೇಲೆ ಯಾರು ಕೇಳುತ್ತಾರೆ’ ಎಂಬ ಸಲಹೆಯನ್ನು ಒಂದಕ್ಕಿಂತ ಹೆಚ್ಚು ಬಾರಿ ಕೇಳಿದ್ದೇನೆ. ಕೇಳುವವರು ಇದ್ದಾರೆ. ಸೈನಿಕ ತಾನೇ ದಾವೆ ಹೂಡಬಹುದು; ನ್ಯಾಯಾಂಗ ಇಲಾಖೆಯೂ ಅವನ ಪರವಾಗಿ ಹೂಡಬಹುದು. ಪ್ರತಿ ನೆಲೆಯಲ್ಲೂ ಸೈನಿಕರಿಗೆ ಉಚಿತ ಸಲಹೆ ಕೊಡುವ ಕಾನೂನು ನೆರವು ಕಚೇರಿ ಇದೆ, ಮತ್ತು ಅಲ್ಲಿಯ ವಕೀಲರಿಗೆ ದಿನವೂ ಬರುವ ಪ್ರಶ್ನೆ ಇದೇ.

ಡೆಪಾಸಿಟ್ಟಿನ ವಿಷಯದಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನೂ ಸೇರಿಕೊಳ್ಳುತ್ತದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿ ಬೆಳೆದ ನಮಗೆ ಇಲ್ಲಿಯ ಮಿತಿ ತಮಾಷೆಯಾಗಿ ಕಾಣಬಹುದು. 2024ರ ಜುಲೈ 1ರಿಂದ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಡೆಪಾಸಿಟ್ ಪಡೆಯುವಂತಿಲ್ಲ. ಒಂದೆರಡು ಆಸ್ತಿಗಳನ್ನಷ್ಟೇ ಬಾಡಿಗೆಗೆ ಬಿಟ್ಟ ಸಣ್ಣ ಮಾಲೀಕರಿಗೆ ಎರಡು ತಿಂಗಳವರೆಗೆ ವಿನಾಯಿತಿಯಿದೆ. ನಮ್ಮವರಲ್ಲಿ ಹೆಚ್ಚಿನವರು ಈ ಗುಂಪಿಗೆ ಸೇರುತ್ತಾರೆ. ಆದರೆ ಬಾಡಿಗೆಗೆ ಬರುವವನು ಸೈನಿಕನಾದರೆ ಆ ವಿನಾಯಿತಿ ಇಲ್ಲ. ಅವನಿಂದ ಒಂದೇ ತಿಂಗಳದ್ದು. ಮನೆ ಬಿಟ್ಟ ಮೇಲೆ 21 ದಿನಗಳೊಳಗೆ, ಹಿಡಿದುಕೊಂಡದ್ದರ ವಿವರದೊಂದಿಗೆ ಲೆಕ್ಕ ಒಪ್ಪಿಸಬೇಕು.

ಇಷ್ಟೆಲ್ಲ ಕೇಳಿದ ಮೇಲೆ ‘ಹಾಗಾದರೆ ನೇವಿಯವರಿಗೆ ಮನೆ ಕೊಡುವುದೇ ಬೇಡ’ ಎಂದು ಅನಿಸಬಹುದು. ಅದೂ ಸಾಧ್ಯವಿಲ್ಲ. 2020ರಿಂದ ಕ್ಯಾಲಿಫೋರ್ನಿಯಾದ ವಸತಿ ಕಾನೂನಿನಲ್ಲಿ ಜನಾಂಗ, ಧರ್ಮ, ಮೂಲದೇಶಗಳ ಸಾಲಿಗೆ ಸೈನಿಕ ಅಥವಾ ಮಾಜಿ ಸೈನಿಕ ಎಂಬುದೂ ಸೇರಿದೆ. ‘ನೀವು ಸೈನ್ಯದವರು, ನಿಮಗೆ ಮನೆ ಇಲ್ಲ’ ಎನ್ನುವುದು, ‘ನೀವು ಭಾರತೀಯರು, ನಿಮಗೆ ಮನೆ ಇಲ್ಲ’ ಎಂದಷ್ಟೇ ಅಪರಾಧ. ಹೊಸದಾಗಿ ಬಂದ ವರ್ಷಗಳಲ್ಲಿ ಎರಡನೆಯ ಮಾತನ್ನು ನಯವಾದ ರೂಪಗಳಲ್ಲಿ ಕೇಳಿಸಿಕೊಂಡವರು ನಮ್ಮ ನಡುವೆ ಇದ್ದಾರೆ.

ಸಣ್ಣ ಮಾಲೀಕರಿಗೆ ಕಾಯ್ದೆ ಪೂರ್ತಿ ಬಾಗಿಲು ಹಾಕಿಲ್ಲ ಎಂಬುದನ್ನೂ ಹೇಳಬೇಕು. ನೋಟಿಸು ಬಂದ ಮೇಲೆ, ಕರಾರು ಮುಗಿಯುವ ತಾರೀಖಿಗೆ ಮೊದಲು, ಮಾಲೀಕರು ನ್ಯಾಯಾಲಯಕ್ಕೆ ಹೋಗಿ ತಮ್ಮ ಕಷ್ಟ ಹೇಳಿಕೊಳ್ಳಬಹುದು. ನ್ಯಾಯಕ್ಕೆ ತಕ್ಕಂತೆ ಪರಿಹಾರವನ್ನು ಹೆಚ್ಚುಕಡಿಮೆ ಮಾಡುವ ಅಧಿಕಾರ ನ್ಯಾಯಾಧೀಶರಿಗಿದೆ. ಇದನ್ನು ಬಳಸಿಕೊಂಡ ನಮ್ಮವರನ್ನು ನಾನು ಕಂಡಿಲ್ಲ. ಬಾಡಿಗೆಗೆ ಬೇಡಿಕೆ ಇರುವ ಈ ಊರಿನಲ್ಲಿ ವಕೀಲರ ಶುಲ್ಕಕ್ಕಿಂತ ಹೊಸ ಬಾಡಿಗೆದಾರನನ್ನು ಹುಡುಕುವುದೇ ಅಗ್ಗವೆನಿಸುತ್ತದೆ.

ಏಕಪಕ್ಷೀಯ ತೀರ್ಪು

ಕಾಯ್ದೆಯ ಹೃದಯ ಬಾಡಿಗೆಯ ಕಲಮಿನಲ್ಲಿಲ್ಲ. ನ್ಯಾಯಾಲಯಕ್ಕೆ ಹಾಜರಾಗದವನ ರಕ್ಷಣೆಯಲ್ಲಿದೆ ಎಂದು ನನ್ನ ಅಭಿಪ್ರಾಯ. ಸಾಮಾನ್ಯ ದಾವೆಯಲ್ಲಿ ಪ್ರತಿವಾದಿ ಬಾರದಿದ್ದರೆ ವಾದಿ ಏಕಪಕ್ಷೀಯ ತೀರ್ಪು ಪಡೆಯುತ್ತಾನೆ. ಪೆಸಿಫಿಕ್ ಸಾಗರದ ನಡುವೆ ಹಡಗಿನಲ್ಲಿರುವವನು ಬರುವುದು ಹೇಗೆ? ಆದ್ದರಿಂದ ಎಸ್‌ಸಿಆರ್‌ಎ ಪ್ರಕಾರ, ಪ್ರತಿವಾದಿ ಸೈನ್ಯದಲ್ಲಿದ್ದಾನೋ ಇಲ್ಲವೋ ಎಂದು ವಾದಿಯೇ ವಿಚಾರಿಸಿ ಅಫಿಡವಿಟ್ ಸಲ್ಲಿಸಬೇಕು. ಇದ್ದಾನೆಂದಾದರೆ ನ್ಯಾಯಾಲಯ ಅವನ ಪರವಾಗಿ ವಕೀಲರನ್ನು ನೇಮಿಸದೆ ತೀರ್ಪು ಕೊಡುವಂತಿಲ್ಲ. ಹಾಜರಾಗಲು ಸೇವೆಯೇ ಅಡ್ಡಿಯಾದರೆ ಕನಿಷ್ಠ 90 ದಿನ ವಿಚಾರಣೆ ಮುಂದೂಡಬೇಕು. ಸುಳ್ಳು ಅಫಿಡವಿಟ್ ಅಪರಾಧ. ಬಾಡಿಗೆ ಬಾಕಿಗೆ ಸೈನಿಕ ಕುಟುಂಬವನ್ನು ಮನೆಯಿಂದ ಹೊರಹಾಕಲು ನ್ಯಾಯಾಲಯದ ಆದೇಶ ಬೇಕೇ ಬೇಕು. ಇದು ಅನ್ವಯವಾಗುವ ತಿಂಗಳ ಬಾಡಿಗೆಯ ಮಿತಿ 2003ರಲ್ಲಿ 2,400 ಡಾಲರ್ ಇತ್ತು. ಪ್ರತಿ ವರ್ಷ ಏರುತ್ತಾ 2024ರ ಹೊತ್ತಿಗೆ 9,000 ಡಾಲರ್ ದಾಟಿತ್ತು. ಅಂದರೆ ನಮ್ಮವರು ಬಾಡಿಗೆಗೆ ಬಿಡುವ ಮನೆಗಳೆಲ್ಲ ಇದರೊಳಗೇ ಬರುತ್ತವೆ.

ಇದೇನು ಪುಸ್ತಕದ ಬದನೆಕಾಯಿ ಅಲ್ಲ. 2016ರಲ್ಲಿ ಇದೇ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಸೈನಿಕ ಕುಟುಂಬಗಳಿಗೇ ಮನೆ ಒದಗಿಸುತ್ತಿದ್ದ ಸಂಸ್ಥೆಗಳು ಸರಿಯಾದ ಅಫಿಡವಿಟ್ ಇಲ್ಲದೆ ಏಕಪಕ್ಷೀಯ ತೀರ್ಪು ಪಡೆದು ಸೈನಿಕರನ್ನು ತೆರವುಗೊಳಿಸಿದವೆಂಬ ಆರೋಪಕ್ಕೆ ನ್ಯಾಯಾಂಗ ಇಲಾಖೆಗೆ ಉತ್ತರ ಕೊಟ್ಟು, ಪರಿಹಾರ ಹಣ ತೆತ್ತು ಇತ್ಯರ್ಥ ಮಾಡಿಕೊಳ್ಳಬೇಕಾಯಿತು. ಅಫಿಡವಿಟ್ಟಿಗೆ ಬೇಕಾದ ಮಾಹಿತಿಯನ್ನು ರಕ್ಷಣಾ ಇಲಾಖೆ ತನ್ನ ಅಂತರ್ಜಾಲ ತಾಣದಲ್ಲಿ ಉಚಿತವಾಗಿ ಕೊಡುತ್ತದೆ. ಹೆಸರು, ಹುಟ್ಟಿದ ದಿನಾಂಕದಂಥ ವಿವರ ಕೊಟ್ಟರೆ ಇಂಥ ದಿನ ಈ ವ್ಯಕ್ತಿ ಸೇವೆಯಲ್ಲಿದ್ದನೇ ಎಂಬ ಪ್ರಮಾಣಪತ್ರ ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ.

ಗೇಣಿಗೆ ಕೊಟ್ಟ ಸೈನಿಕ

ಇದನ್ನೆಲ್ಲ ಓದುವಾಗ ನನಗೆ ನೆನಪಾದದ್ದು ಊರಿನ ಕಾನೂನು. ಭಾರತದಲ್ಲಿ ಇದಕ್ಕೆ ಸಂವಾದಿಯಾದ ಹಳೆಯ ಕಾಯ್ದೆ ಒಂದಿದೆ: 1925ರ ಭಾರತೀಯ ಸೈನಿಕರ ದಾವೆಗಳ ಕಾಯ್ದೆ. ಯುದ್ಧದಂಥ ವಿಶೇಷ ಪರಿಸ್ಥಿತಿಯಲ್ಲಿ ಸೇವೆ ಮಾಡುತ್ತಿರುವ ಸೈನಿಕನ ವಿರುದ್ಧದ ದಾವೆಯನ್ನು ತಡೆಹಿಡಿಯುವುದು, ಏಕಪಕ್ಷೀಯ ಡಿಕ್ರಿಯನ್ನು ತೆಗೆದುಹಾಕಲು ಅವಕಾಶ ಕೊಡುವುದು, ಕಾಲಮಿತಿಯ ಲೆಕ್ಕದಿಂದ ಆ ಅವಧಿಯನ್ನು ಬಿಡುವುದು ಎಲ್ಲ ಅದರಲ್ಲಿವೆ. ವಿಗ್ಮೋರ್ ಅವರ ಕಾಯ್ದೆಯ ಬಂಧುವೇ ಸರಿ.

ಆದರೆ ಕರ್ನಾಟಕದ ಸ್ವಂತ ಕಾನೂನಿಗೆ ಬಂದರೆ ಚಿತ್ರ ತಲೆಕೆಳಗಾಗುತ್ತದೆ. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದಲ್ಲಿ ಆದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಕೇಳದೆ ಬೆಳೆದವರು ನಮ್ಮ ತಲೆಮಾರಿನಲ್ಲಿ ಇಲ್ಲ. ಗೇಣಿದಾರರ ವಶದಲ್ಲಿದ್ದ ಜಮೀನು ಸರ್ಕಾರಕ್ಕೆ ಸೇರಿ, ಫಾರಂ 7 ಸಲ್ಲಿಸಿದ ಗೇಣಿದಾರರಿಗೆ ಭೂನ್ಯಾಯಮಂಡಳಿಯ ಮೂಲಕ ಹಕ್ಕು ಸಿಕ್ಕಿತು. ದಕ್ಷಿಣ ಕನ್ನಡದ ಕಡೆ ಇದನ್ನು ‘ಡಿಕ್ಲರೇಶನ್ ಕೊಟ್ಟದ್ದು’ ಎನ್ನುತ್ತಾರೆ. ಡಿಕ್ಲರೇಶನ್ ಕೊಟ್ಟವರ ಮನೆಯವರೂ ಭೂಮಿ ಕಳೆದುಕೊಂಡವರ ಮನೆಯವರೂ ಇಂದು ನಮ್ಮ ಕೂಟದ ಯುಗಾದಿ ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ಅಷ್ಟು ಕಟ್ಟುನಿಟ್ಟಾದ ಆ ಕಾಯ್ದೆಯಲ್ಲೂ ಒಂದು ಕಿಂಡಿ ಇತ್ತು. ಗೇಣಿ ಕೊಡುವುದನ್ನೇ ನಿಷೇಧಿಸಿದ 5ನೆಯ ಕಲಮು ಸೈನಿಕ ಮತ್ತು ನಾವಿಕನಿಗೆ ಮಾತ್ರ ವಿನಾಯಿತಿ ಕೊಟ್ಟಿತು. 15ನೆಯ ಕಲಮು, ಗೇಣಿಗೆ ಕೊಟ್ಟ ಜಮೀನನ್ನು ಸೇವೆಯಿಂದ ಹಿಂದಿರುಗಿದ ಮೇಲೆ, ನಿಬಂಧನೆಗಳಿಗೆ ಒಳಪಟ್ಟು, ಮತ್ತೆ ವಶಕ್ಕೆ ಪಡೆಯುವ ಹಕ್ಕನ್ನು ಅವರಿಗೆ ಉಳಿಸಿತು. ದೇಶದ ಗಡಿಯಲ್ಲಿ ನಿಂತವನು ತನ್ನ ಗದ್ದೆಯನ್ನು ತಾನೇ ಉಳಲಾರ ಎಂಬುದು ಅದರ ತರ್ಕ. ಕಾರ್ಯಪ್ಪ, ತಿಮ್ಮಯ್ಯ ಅವರಂಥ ದಂಡನಾಯಕರನ್ನು ಕೊಟ್ಟ ಕೊಡಗಿನಲ್ಲಿ, ಮನೆಗೊಬ್ಬರಂತೆ ಸೈನ್ಯ ಸೇರುತ್ತಿದ್ದ ಕುಟುಂಬಗಳಿಗೆ ಇದು ಎಷ್ಟು ಮುಖ್ಯವಾಗಿತ್ತೆಂದು ಊಹಿಸಬಹುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆಯೂ ಅದೇ ಹಾದಿ ಹಿಡಿದು, ನಿವೃತ್ತನಾಗಿ ಬರುವ ಸೈನಿಕನು ತನ್ನ ಮನೆಯನ್ನು ಬಾಡಿಗೆದಾರನಿಂದ ಬೇಗ ಬಿಡಿಸಿಕೊಳ್ಳಲು ವಿಶೇಷ ಅವಕಾಶ ಇಟ್ಟಿತು.

ಎರಡೂ ಕಡೆ ಕಾನೂನು ಕಾಪಾಡುವುದು ಊರಲ್ಲಿಲ್ಲದ ಸೈನಿಕನನ್ನೇ. ಆದರೆ ಕರ್ನಾಟಕದ ಶಾಸಕರ ಕಣ್ಣಿಗೆ ಕಂಡ ಸೈನಿಕ ಭೂಮಿಯ, ಮನೆಯ ಒಡೆಯ. ಅವನ ಗೈರುಹಾಜರಿಯ ಬೆಲೆ ತೆತ್ತವನು ಗೇಣಿದಾರ. ಅಮೆರಿಕದ ಶಾಸಕರ ಕಣ್ಣಿಗೆ ಕಂಡ ಸೈನಿಕ ಬಾಡಿಗೆದಾರ, ಸಾಲಗಾರ, ಸಂಬಳದವನು. ಬೆಲೆ ತೆರುವವನು ಮನೆಯೊಡೆಯ. ಊರಿನಲ್ಲಿ ಯಾವ ಪಕ್ಷದಲ್ಲಿದ್ದೆವೋ ಇಲ್ಲಿ ಅದರ ಎದುರು ಪಕ್ಷದಲ್ಲಿ ಬಂದು ಕುಳಿತಿದ್ದೇವೆ. ಕಾಂಡೊದ ಮಾಸಿಕ ನಿರ್ವಹಣಾ ಶುಲ್ಕ, ಆಸ್ತಿ ತೆರಿಗೆ, ಸಾಲದ ಕಂತು ಇವಾವುವೂ ವರ್ಗಾವಣೆ ಆದೇಶಕ್ಕೆ ನಿಲ್ಲುವುದಿಲ್ಲವಲ್ಲ ಎಂಬ ದೂರು ನ್ಯಾಯವಾದದ್ದೇ. ಈ ಹೊರೆಯನ್ನು ಸರ್ಕಾರವೇ ಹೊತ್ತು, ಮಾಲೀಕರಿಗೆ ಒಂದು ತಿಂಗಳ ಬಾಡಿಗೆ ಕೊಟ್ಟಿದ್ದರೆ ಇನ್ನೂ ನೇರವಾಗುತ್ತಿತ್ತು ಎಂದು ನನಗೂ ಅನಿಸುತ್ತದೆ. ಆದರೆ ಹೋಗಬೇಕೋ ಬೇಡವೋ ಎಂದು ನಿರ್ಧರಿಸುವ ಸ್ವಾತಂತ್ರ್ಯ ಆ ಬಾಡಿಗೆದಾರನಿಗೆ ಇರಲಿಲ್ಲ. ನಮ್ಮ ಮನೆ ಒಂದು ತಿಂಗಳು ಖಾಲಿ ಉಳಿಯುವಾಗ ಅವನ ಹೆಂಡತಿ ಮಕ್ಕಳ ಶಾಲೆ ಬಿಡಿಸಿ, ಬೇರೊಂದು ಊರಿನಲ್ಲಿ ಅದೇ ಪ್ರಯಾಸವನ್ನು ಮೊದಲಿನಿಂದ ಶುರುಮಾಡುತ್ತಿರುತ್ತಾಳೆ.

ಸಾಲ, ಕಾರು, ಕೆಲಸ

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ಸೈನ್ಯ ಸೇರುವ ಮೊದಲು ಮಾಡಿದ ಸಾಲಕ್ಕೆ ಸೇವೆಯ ಅವಧಿಯಲ್ಲಿ ಬಡ್ಡಿ 6 ಪ್ರತಿಶತ ಮೀರುವಂತಿಲ್ಲ. ಗೃಹಸಾಲಕ್ಕಾದರೆ ಸೇವೆ ಮುಗಿದು ಇನ್ನೊಂದು ವರ್ಷದವರೆಗೂ ಈ ಮಿತಿ ಇದೆ. ಮೀರಿದ ಬಡ್ಡಿಯನ್ನು ಮುಂದೆ ವಸೂಲು ಮಾಡುವಂತಿಲ್ಲ, ಬಿಟ್ಟೇಬಿಡಬೇಕು. ತಾನಾಗಿ ಸಿಗುವುದಲ್ಲ, ಸೈನಿಕ ಲಿಖಿತವಾಗಿ ಕೇಳಬೇಕು. ಸೇವೆ ಮುಗಿದು 180 ದಿನಗಳವರೆಗೆ ಕೇಳಲು ಅವಕಾಶವಿದೆ. 2008ರಿಂದ ಫೆಡರಲ್ ವಿದ್ಯಾಭ್ಯಾಸ ಸಾಲಗಳೂ ಇದರೊಳಗೆ ಬಂದಿವೆ. ಕಾಲೇಜು ಮುಗಿಸಿ ಸೈನ್ಯಕ್ಕೆ ಹೋಗುವ ನಮ್ಮ ಮಕ್ಕಳ ತಂದೆತಾಯಿಯರು ಇದನ್ನು ಗಮನಿಸಬೇಕು.

ಸ್ಯಾನ್ ಡಿಯೇಗೊ ರಸ್ತೆಗಳಲ್ಲಿ ಟೆಕ್ಸಸ್, ಫ್ಲೋರಿಡಾ ನಂಬರ್ ಪ್ಲೇಟುಗಳ ಕಾರು ಅಷ್ಟೇಕೆ ಎಂದು ನೀವೂ ಯೋಚಿಸಿರಬಹುದು. ಆದೇಶದ ಮೇಲೆ ಇಲ್ಲಿ ಬಂದಿದ್ದ ಮಾತ್ರಕ್ಕೆ ಸೈನಿಕ ಕ್ಯಾಲಿಫೋರ್ನಿಯಾದ ನಿವಾಸಿಯಾಗುವುದಿಲ್ಲ. ಅವನ ಸೇನಾ ಸಂಬಳದ ಮೇಲೆ ಈ ರಾಜ್ಯ ಆದಾಯ ತೆರಿಗೆ ಹಾಕುವಂತಿಲ್ಲ. ಕಾರಿನ ಶುಲ್ಕದ ಬಗ್ಗೆ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1966ರಲ್ಲಿ ಸೋತು ಬಂದಿದೆ.

ಕೆಲಸದ ವಿಷಯದಲ್ಲಿ 1994ರ ಬೇರೆಯೇ ಕಾಯ್ದೆ ಇದೆ, ಯುಸೆರಾ ಎನ್ನುತ್ತಾರೆ. ಮೀಸಲು ಪಡೆಗೋ ನ್ಯಾಷನಲ್ ಗಾರ್ಡ್‌ಗೋ ಸೇರಿದ ಉದ್ಯೋಗಿ ಕರೆ ಬಂದು ಹೋದರೆ, ಒಟ್ಟು ಐದು ವರ್ಷಗಳವರೆಗಿನ ಗೈರುಹಾಜರಿಯ ನಂತರವೂ ಅವನನ್ನು ವಾಪಸು ಸೇರಿಸಿಕೊಳ್ಳಬೇಕು. ಬಿಟ್ಟು ಹೋದ ಮೆಟ್ಟಿಲಿಗಲ್ಲ. ಇದ್ದಿದ್ದರೆ ಎಷ್ಟು ಮೇಲೇರುತ್ತಿದ್ದನೋ ಆ ಮೆಟ್ಟಿಲಿಗೆ. ಅನೇಕ ಕಾರ್ಮಿಕ ಕಾನೂನುಗಳಂತೆ ಇದಕ್ಕೆ ಇಂತಿಷ್ಟು ಉದ್ಯೋಗಿಗಳಿರಬೇಕೆಂಬ ಮಿತಿ ಇಲ್ಲ. ಇಬ್ಬರನ್ನಿಟ್ಟುಕೊಂಡು ಸಾಫ್ಟ್‌ವೇರ್ ಕನ್ಸಲ್ಟಿಂಗ್ ನಡೆಸುವ ನಮ್ಮ ಸದಸ್ಯರಿಗೂ, ಇಡ್ಲಿ ದೋಸೆ ಹೋಟೆಲಿನವರಿಗೂ ಅನ್ವಯಿಸುತ್ತದೆ.

ನ್ಯಾಷನಲ್ ಗಾರ್ಡ್ ಎಂದಾಗ ಒಂದು ತೊಡಕು ನೆನಪಿಡಬೇಕು. ಅದು ಗವರ್ನರರ ಕೈಕೆಳಗೂ ಇರಬಹುದು, ಅಧ್ಯಕ್ಷರ ಕೈಕೆಳಗೂ ಇರಬಹುದು. 2025ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಪ್ರತಿಭಟನೆಗಳ ಸಮಯದಲ್ಲಿ ಅಧ್ಯಕ್ಷರು ಗವರ್ನರರ ಒಪ್ಪಿಗೆಯಿಲ್ಲದೆ ಕ್ಯಾಲಿಫೋರ್ನಿಯಾ ಗಾರ್ಡ್‌ನ ಸಾವಿರಾರು ಮಂದಿಯನ್ನು ಫೆಡರಲ್ ಸೇವೆಗೆ ಕರೆದರು. ಸೈನ್ಯವನ್ನು ಪೊಲೀಸು ಕೆಲಸಕ್ಕೆ ಬಳಸಬಾರದೆಂಬ 1878ರ ಕಾಯ್ದೆ ಮುರಿದಿದೆ ಎಂದು ಸೆಪ್ಟೆಂಬರಿನಲ್ಲಿ ಫೆಡರಲ್ ಜಿಲ್ಲಾ ನ್ಯಾಯಾಲಯ ತೀರ್ಪಿತ್ತಿತು, ಪ್ರಕರಣ ಮೇಲ್ಮನವಿಗೆ ಹೋಯಿತು. ಆ ವಾದ ಈ ಲೇಖನದ ವ್ಯಾಪ್ತಿಗೆ ಹೊರಗಿನದು. ಆದರೆ ಕರೆ ಯಾರದು ಎಂಬುದರ ಮೇಲೆ ಗಾರ್ಡ್ ಸದಸ್ಯನ ರಕ್ಷಣೆಯೂ ನಿಲ್ಲುತ್ತದೆ. ಅಧ್ಯಕ್ಷರ ಕರೆಯಾದರೆ ಎಸ್‌ಸಿಆರ್‌ಎ ಅನ್ವಯಿಸುತ್ತದೆ. ಕಾಡ್ಗಿಚ್ಚು ಆರಿಸಲು ಗವರ್ನರರು ಕರೆದರೆ ಸಾಮಾನ್ಯವಾಗಿ ಇಲ್ಲ. ಆಗ ಕ್ಯಾಲಿಫೋರ್ನಿಯಾದ ಸೈನಿಕ ಸಂಹಿತೆಯನ್ನು ನೋಡಬೇಕು. ಬಾಡಿಗೆದಾರ ತಂದ ಆದೇಶದ ತಲೆಬರಹದಲ್ಲಿ ‘ಟೈಟಲ್ 10’ ಎಂದಿದ್ದರೆ ಅದು ಫೆಡರಲ್ ಕರೆ.

ಕೊನೆಯದಾಗಿ ನಮ್ಮ ಮನೆಯ ಮಕ್ಕಳ ವಿಷಯ. ಎಚ್-4 ವೀಸಾದಲ್ಲಿರುವ ಹುಡುಗ ಹುಡುಗಿಯರು ಸಾಮಾನ್ಯವಾಗಿ ಸೈನ್ಯ ಸೇರುವಂತಿಲ್ಲ. ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಗ್ರೀನ್ ಕಾರ್ಡಿನವರು ಸೇರಿದರೆ, 2002ರ ಅಧ್ಯಕ್ಷೀಯ ಆದೇಶದ ಪ್ರಕಾರ ಐದು ವರ್ಷ ಕಾಯದೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಸೇರಲು ನಿರ್ಧರಿಸಿದ ಮಗಳೋ ಮಗನೋ ಲಾ ಹೋಯಾದಲ್ಲಿ ಸ್ನೇಹಿತರೊಂದಿಗೆ ಮನೆ ಹಿಡಿದಿದ್ದರೆ ಮೇಲೆ ಹೇಳಿದ ನೋಟಿಸನ್ನು ಅವರೂ ಕೊಡಬಹುದು. ಸಮವಸ್ತ್ರ ತೊಡುವ ದಿನದವರೆಗೆ ಕಾಯಬೇಕಿಲ್ಲ. ಸೇವೆಗೆ ಹಾಜರಾಗಬೇಕೆಂಬ ಆದೇಶ ಕೈಸೇರಿದ ದಿನದಿಂದಲೇ ಕಾಯ್ದೆಯ ಹಲವು ರಕ್ಷಣೆಗಳು ಶುರುವಾಗುತ್ತವೆ. ಆದೇಶದ ಎರಡು ಪ್ರತಿ ತೆಗೆದಿಟ್ಟುಕೊಂಡು, ನೋಟಿಸನ್ನು ಕೈಯಾರೆ ಕೊಟ್ಟು ಸಹಿ ಪಡೆಯಬೇಕು ಅಥವಾ ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳುಹಿಸಬೇಕು. ರೂಮ್‌ಮೇಟ್‌ಗಳ ಪಾಲಿನ ಬಾಡಿಗೆಯ ಮಾತನ್ನು ಅವರ ತಂದೆತಾಯಿಯರೊಂದಿಗೆ ಹೊರಡುವ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು.